ಬ್ರಾಕನ ಚಿತ್ರಶಾಲೆಯ ಹಕ್ಕಿಗಳು

ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಈ ಮೂರೂ ಕೂಡಿದಲ್ಲಿ ಕಾವ್ಯ ಹುಟ್ಟುತ್ತದೆಂಬುದು ಭಾರತೀಯ ಆಲಂಕಾರಿಕರಲ್ಲಿ ಬಹುಜನರ ಮತ. ಲೋಕವು ಪ್ರತಿಭೆಯನ್ನು ಕೊಂಡಾಡುತ್ತದೆ, ವ್ಯುತ್ಪತ್ತಿಯನ್ನು ಗೌರವಿಸುತ್ತದೆ. ಅಭ್ಯಾಸವನ್ನು ಮಾತ್ರ ಏಣಿಯ ಮೊದಲ ಮೆಟ್ಟಿಲೆಂದೆಣಿಸಿ, ಮೇಲೇರಿದ ಬಳಿಕ ಮರೆತುಬಿಡುತ್ತದೆ. ಈ ಎಣಿಕೆ ಎಷ್ಟು ತಪ್ಪೆಂಬುದಕ್ಕೆ ಫ್ರಾನ್ಸ್ ದೇಶದ ಚಿತ್ರಕಾರ ಜಾರ್ಜ್ ಬ್ರಾಕನ ಚಿತ್ರಶಾಲೆಯೇ ಸಾಕ್ಷಿ. ಅವನ ಬಾಳಿನ ಕೊನೆಯ ಹದಿನೈದು ವರ್ಷಗಳಲ್ಲಿ ಅಲ್ಲಿ ಮೂಡಿದ ಹಕ್ಕಿಗಳ ಕಥೆ, ಕಲಿಯುವವರಿಗೂ ಕಲಿಸುವವರಿಗೂ ಮನನಯೋಗ್ಯವಾದುದು.

ಬ್ರಾಕನು 1882ರ ಮೇ 13ರಂದು ಪ್ಯಾರಿಸಿನ ಸಮೀಪದ ಆರ್ಜಾಂತೆಯ್ ಎಂಬಲ್ಲಿ ಜನಿಸಿದನು. ಬೆಳೆದುದು ಲ ಹಾವ್ರ್ ಎಂಬ ಬಂದರು ಪಟ್ಟಣದಲ್ಲಿ. ತಂದೆಯೂ ತಾತನೂ ಮನೆಗಳಿಗೆ ಬಣ್ಣ ಬಳಿದು ಅಲಂಕರಿಸುವ ವೃತ್ತಿಯವರು. ಹುಡುಗನೂ ಅದೇ ಕಸುಬಿಗೆ ಸೇರಿದನು. ಅಗ್ಗದ ಮರಕ್ಕೆ ಬಣ್ಣ ಹಚ್ಚಿ, ಅದು ಹಸಿಯಾಗಿರುವಾಗಲೇ ಲೋಹದ ಬಾಚಣಿಗೆಯನ್ನೆಳೆದು ಬೆಲೆಬಾಳುವ ಮರದ ಎಳೆಗಳನ್ನು ಮೂಡಿಸುವುದು, ಸಾಮಾನ್ಯ ಗೋಡೆಗೆ ಅಮೃತಶಿಲೆಯ ಮೆರುಗು ತರುವುದು, ಅಚ್ಚುತಗಡಿನಿಂದ ಅಕ್ಷರಗಳನ್ನು ಬರೆಯುವುದು ಇವು ಆ ವೃತ್ತಿಯ ಪಾಠಗಳು. ಕಲೆಯೆಂದು ಯಾರೂ ಗಣಿಸದ ಕೈಗೆಲಸಗಳವು. ಇವನ್ನೇ ಮೈಗೂಡಿಸಿಕೊಂಡು ಅವನು 1900ರಲ್ಲಿ ಪ್ಯಾರಿಸ್ ನಗರಕ್ಕೆ ಬಂದನು.

ಮುಂದೆ ಪಾಬ್ಲೊ ಪಿಕಾಸೊನೊಡಗೂಡಿ ಕ್ಯೂಬಿಸಂ ಎಂಬ ನವೀನ ಚಿತ್ರಪಂಥವನ್ನು ಕಟ್ಟಿದಾಗ, ಬಣ್ಣಗಾರನ ಈ ವಿದ್ಯೆಗಳು ಒಂದೊಂದಾಗಿ ಮರಳಿ ಬಂದವು. 1911ರಲ್ಲಿ ಅಚ್ಚಿನ ಅಕ್ಷರಗಳು ಅವನ ಚಿತ್ರಪಟವನ್ನು ಪ್ರವೇಶಿಸಿದವು. 1912ರಲ್ಲಿ ದಕ್ಷಿಣ ಫ್ರಾನ್ಸಿನ ಸೋರ್ಗ್ ಎಂಬ ಊರಿನಲ್ಲಿದ್ದಾಗ, ಮರದ ಎಳೆಗಳನ್ನು ಮುದ್ರಿಸಿದ್ದ ಗೋಡೆಕಾಗದವನ್ನು ಕತ್ತರಿಸಿ ತನ್ನ ರೇಖಾಚಿತ್ರಕ್ಕೆ ಅಂಟಿಸಿದನು. ಅದೇ ಕಾಲದಲ್ಲಿ ಬಣ್ಣಕ್ಕೆ ಮರಳನ್ನು ಬೆರೆಸತೊಡಗಿದನು. ಬಾಚಣಿಗೆಯ ಕೌಶಲವನ್ನು ಪಿಕಾಸೊ ಕಲಿತದ್ದೂ ಇವನಿಂದಲೇ. ಇಂದು ಮಿಶ್ರಮಾಧ್ಯಮವೆಂದು ಕರೆಯಲಾಗುವ ಪದ್ಧತಿಗೆ ಹೀಗೆ ಬಣ್ಣಗಾರನ ಜೋಳಿಗೆಯೇ ಒಂದು ಮೂಲವಾಯಿತು. ಕಣ್ಣು ಮಾತ್ರ ಕಾಣುವ ಚಿತ್ರವು ಕೈಯಿಂದ ಮುಟ್ಟಬೇಕೆನಿಸುವ ವಸ್ತುವಾಯಿತು.

ಅಷ್ಟರಲ್ಲಿ ಮಹಾಯುದ್ಧವು ಬಂದೊದಗಿತು. 1915ರ ಮೇ ತಿಂಗಳಲ್ಲಿ ಕಾರಾನ್ಸಿ ಎಂಬಲ್ಲಿ ಬ್ರಾಕನ ತಲೆಗೆ ತೀವ್ರವಾದ ಗಾಯವಾಯಿತು. ತಲೆಬುರುಡೆಯನ್ನು ಕೊರೆದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಕೆಲಕಾಲ ದೃಷ್ಟಿಯೂ ಮಂಕಾಗಿತ್ತೆಂದು ಹೇಳುತ್ತಾರೆ. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಗಂಡಾಂತರವುಂಟೆ? ದೀರ್ಘಕಾಲದ ಆರೈಕೆಯ ನಂತರವೇ ಅವನು ಮತ್ತೆ ಕುಂಚ ಹಿಡಿದದ್ದು. ಅಲ್ಲಿಂದ ಮುಂದೆ ಅವನ ಕೆಲಸದಲ್ಲಿ ಆತುರವೆಂಬುದು ಕಾಣುವುದಿಲ್ಲ.

ಪ್ಯಾರಿಸಿನಲ್ಲಿ ಒಂದು, ನಾರ್ಮಂಡಿಯ ಕಡಲತಡಿಯ ವಾರಾಂಜ್‌ವಿಲ್ ಗ್ರಾಮದಲ್ಲಿ ಇನ್ನೊಂದು, ಹೀಗೆ ಅವನಿಗೆ ಎರಡು ಚಿತ್ರಶಾಲೆಗಳಿದ್ದವು. ಅಲ್ಲಿ ಹಲವು ಚಿತ್ರಪಟಗಳು ಏಕಕಾಲದಲ್ಲಿ ನಿಂತಿರುತ್ತಿದ್ದವು. ಒಂದಕ್ಕೆ ಒಂದು ಗೆರೆ, ಮತ್ತೊಂದಕ್ಕೆ ಒಂದು ಲೇಪ. ಉಳಿದ ಹೊತ್ತು ನೋಡುತ್ತ ಕುಳಿತಿರುವುದು. ಕೆಲವು ಚಿತ್ರಗಳು ಮುಗಿಯಲು ವರ್ಷಗಳೇ ಬೇಕಾಗುತ್ತಿದ್ದವು. 1949ರಿಂದ 1956ರವರೆಗೆ ಅವನು ಈ ಚಿತ್ರಶಾಲೆಯನ್ನೇ ವಸ್ತುವಾಗಿಟ್ಟುಕೊಂಡು ‘ಚಿತ್ರಶಾಲೆ’ ಎಂಬ ಹೆಸರಿನ ಮಾಲಿಕೆಯನ್ನು ರಚಿಸಿದನು. ಅದರ ಒಂಬತ್ತನೆಯ ಚಿತ್ರವೊಂದಕ್ಕೇ 1952ರಿಂದ 1956ರವರೆಗೆ ಕಾಲ ಹಿಡಿಯಿತು. ಬಣ್ಣದ ತಟ್ಟೆ, ಹೂಜಿ, ಕುಂಚಗಳು, ಚಿತ್ರಪೀಠ ಇವೆಲ್ಲ ಒಂದರೊಳಗೊಂದು ಬೆರೆತಿರುವ ಆ ಮಬ್ಬಿನ ನಡುವೆ ದೊಡ್ಡದೊಂದು ಹಕ್ಕಿ ರೆಕ್ಕೆ ಬಿಚ್ಚಿ ಹಾರುತ್ತಿದೆ. ಅದು ಕಿಟಕಿಯಿಂದ ಒಳಬಂದ ಹಕ್ಕಿಯಲ್ಲ. ಚಿತ್ರದೊಳಗಿನ ಚಿತ್ರಪಟದ ಹಕ್ಕಿ, ತನ್ನ ಚೌಕಟ್ಟನ್ನು ಬಿಟ್ಟು ಹೊರಟಂತಿದೆ. ಕೆಲಸದ ಮನೆಯೇ ಅದಕ್ಕೆ ಆಕಾಶ.

ಈ ಮಾಲಿಕೆ ನಡೆಯುತ್ತಿದ್ದಾಗಲೇ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಿಂದ ಕರೆ ಬಂದಿತು. ಒಂದು ಕಾಲಕ್ಕೆ ಫ್ರಾನ್ಸಿನ ಅರಸರ ಅರಮನೆಯಾಗಿದ್ದ ಆ ಕಟ್ಟಡದಲ್ಲಿ ದೊರೆ ಎರಡನೆಯ ಹೆನ್ರಿಯ ಹೆಸರಿನ ಕೊಠಡಿಯೊಂದಿದೆ. ಅದರ ಛಾವಣಿಗೆ ಚಿತ್ರ ಬರೆಯಬೇಕೆಂಬುದು ಕೋರಿಕೆ. 1953ರಲ್ಲಿ ಆ ಕಾರ್ಯ ಸಂಪೂರ್ಣವಾಯಿತು. ನೀಲಿಯ ಹಿನ್ನೆಲೆ, ಬಿಳಿಯ ಅಂಚುಳ್ಳ ಕಪ್ಪು ಹಕ್ಕಿಗಳು, ಅಷ್ಟೆ. ಪುರಾತನ ಅಲಂಕಾರಗಳ ನಡುವೆ ಆ ಸರಳತೆಯನ್ನು ಕಂಡು ಅಚ್ಚರಿಪಟ್ಟವರೂ ಉಂಟು, ಆಕ್ಷೇಪಿಸಿದವರೂ ಉಂಟು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಗೋಡೆ ಛಾವಣಿಗಳಿಗೆ ಬಣ್ಣ ಬಳಿಯುವವನ ಮಗ, ಎಪ್ಪತ್ತರ ವಯಸ್ಸಿನಲ್ಲಿ ಮತ್ತೆ ಛಾವಣಿಗೇ ಬಣ್ಣ ಹಚ್ಚಿದನು. ವೃತ್ತಿ ಬದಲಾಗಲಿಲ್ಲ, ವೃತ್ತಿಯ ಎತ್ತರ ಬದಲಾಯಿತು.

1955ರಲ್ಲಿ ಬ್ರಾಕನು ರೋನ್ ನದಿ ಕಡಲನ್ನು ಸೇರುವೆಡೆಯ ಕಾಮಾರ್ಗ್ ಎಂಬ ಜೌಗು ಪ್ರದೇಶಕ್ಕೆ ಹೋಗಿ, ಅಲ್ಲಿಯ ನೀರುಹಕ್ಕಿಗಳ ಹಾರಾಟವನ್ನು ಕಂಡನು. ‘ಹಕ್ಕಿ ಮತ್ತು ಅದರ ಗೂಡು’ ಎಂಬ ಪ್ರಸಿದ್ಧ ಚಿತ್ರವು ಆ ಅವಧಿಯದು. 1956ರಲ್ಲಿ ಆರಂಭವಾದ ‘ರೆಕ್ಕೆಬಿಚ್ಚಿ’ ಎಂಬರ್ಥದ ಹೆಸರಿನ ಇನ್ನೊಂದು ಚಿತ್ರವು ಪೂರ್ಣಗೊಂಡುದು 1961ರಲ್ಲಿ. ಇವೆರಡರಲ್ಲಿಯೂ ತೈಲವರ್ಣದೊಡನೆ ಮರಳು ಬೆರೆತಿದೆ. ಲೇಪದ ಮೇಲೆ ಲೇಪ ಬಿದ್ದು ಹಿನ್ನೆಲೆಯು ಗಾರೆಯ ಗೋಡೆಯಂತೆ ಗಟ್ಟಿಯಾಗಿದೆ. ಹಕ್ಕಿಯ ಆಕಾರವೋ ದಿನದಿನಕ್ಕೆ ಸರಳವಾಗುತ್ತ ಬಂದಿದೆ: ಗರಿಗಳಿಲ್ಲ, ಕಣ್ಣಿನ ವಿವರವಿಲ್ಲ, ಚಾಚಿದ ಕೊರಳು, ಹರಡಿದ ರೆಕ್ಕೆ, ಇಷ್ಟೇ. ಅತ್ಯಂತ ಹಗುರವಾದ ಹಾರಾಟವನ್ನು ತೋರಿಸಲು ಅತ್ಯಂತ ಭಾರವಾದ ಸಾಮಗ್ರಿ! ವಿರೋಧದಂತೆ ತೋರಿದರೂ ಇದು ವಿರೋಧವಲ್ಲ. ಆಕಾಶವು ಬರಿಯ ಬಯಲಾದರೆ ರೆಕ್ಕೆಗೆ ಆಧಾರವೆಲ್ಲಿ? ತಳ ಗಟ್ಟಿಯಾದುದರಿಂದಲೇ ಹಕ್ಕಿ ಹಗುರವಾಯಿತು.

1961ರಲ್ಲಿ ಲೂವ್ರ್ ಸಂಗ್ರಹಾಲಯವು ‘ಬ್ರಾಕನ ಚಿತ್ರಶಾಲೆ’ ಎಂಬ ಹೆಸರಿನಲ್ಲಿ ಪ್ರದರ್ಶನವನ್ನೇರ್ಪಡಿಸಿತು. ಬದುಕಿರುವ ಚಿತ್ರಕಾರನಿಗೆ ಅಲ್ಲಿ ಅಂತಹ ಗೌರವ ಸಂದದ್ದು ಅದೇ ಮೊದಲೆಂದು ಪ್ರಸಿದ್ಧಿ. 1962ರಲ್ಲಿ, ನೊಬೆಲ್ ಪುರಸ್ಕೃತ ಕವಿ ಸೇಂಟ್ ಜಾನ್ ಪರ್ಸ್‌ನ ಬರಹದೊಡನೆ ಅವನ ಹನ್ನೆರಡು ಹಕ್ಕಿಗಳ ವರ್ಣಮುದ್ರಿಕೆಗಳು ಗ್ರಂಥರೂಪದಲ್ಲಿ ಬೆಳಕು ಕಂಡವು. 1963ರ ಆಗಸ್ಟ್ 31ರಂದು ಬ್ರಾಕನು ಕಾಲವಶನಾದನು. ಲೂವ್ರ್ ಅರಮನೆಯ ಮುಂದೆ ರಾಷ್ಟ್ರಗೌರವ ಸಂದಿತು. ಸಚಿವನೂ ಸಾಹಿತಿಯೂ ಆಗಿದ್ದ ಆಂದ್ರೆ ಮಾಲ್ರೋ ಶ್ರದ್ಧಾಂಜಲಿಯನ್ನರ್ಪಿಸಿದನು. ಆದರೆ ದೇಹವನ್ನು ಮಣ್ಣು ಮಾಡಿದ್ದು ವಾರಾಂಜ್‌ವಿಲ್ಲಿನಲ್ಲಿ, ಕಡಲಿನತ್ತ ಮುಖ ಮಾಡಿದ ಚಿಕ್ಕ ಸ್ಮಶಾನದಲ್ಲಿ. ಆ ಸಮಾಧಿಯ ಮೇಲೂ ಒಂದು ಹಕ್ಕಿಯುಂಟು.

ಬಾಲಕನೊಬ್ಬನು ಅಕ್ಷರವನ್ನು ತಿದ್ದುವಾಗ, ಮಗ್ಗಿಯನ್ನು ಒಪ್ಪಿಸುವಾಗ, ಹಾಳೆಯ ಮೇಲೆ ಸರಳರೇಖೆಯನ್ನೆಳೆಯುವಾಗ ಇದರಿಂದೇನು ಫಲವೆಂದು ಕೇಳುವುದು ಸಹಜ. ಬಾಚಣಿಗೆ ಹಿಡಿದ ಹುಡುಗನಿಗೂ ಉತ್ತರ ಆಗ ದೊರೆಯಲಿಲ್ಲ. ದೊರೆಯುವುದಕ್ಕೆ ಅರ್ಧ ಶತಮಾನ ಹಿಡಿಯಿತು. ಪಾಠ ಹೇಳಿದ ಗುರುವೂ ವಿದ್ಯೆಗೆ ನೆರವಾದ ದಾನಿಯೂ ಆ ಉತ್ತರವನ್ನು ಕಣ್ಣಾರೆ ಕಾಣದೆ ಹೋಗಬಹುದು. ಹಾಗೆಂದು ಅವರ ಶ್ರಮ ವ್ಯರ್ಥವಲ್ಲ. ಗೂಡು ಕಟ್ಟುವವರ ಕೆಲಸ ಗೂಡನ್ನು ಗಟ್ಟಿಯಾಗಿ ಕಟ್ಟುವುದು; ಹಾರುವ ಕಾಲವನ್ನು ಹಕ್ಕಿಯೇ ಅರಿಯುತ್ತದೆ.