ಹಾಡುವವನ ಕಾಯಕ, ಕೇಳುವವನ ದಾಸೋಹ



ಶ್ರಾವಣಮಾಸ ಬಂತೆಂದರೆ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆಯ ಮಠಗಳಲ್ಲಿಯೂ ಗುಡಿಗಳಲ್ಲಿಯೂ ಪುರಾಣ ಹಚ್ಚುವದು ಬಹುಕಾಲದ ವಾಡಿಕೆ. ಸಾಯಂಕಾಲದ ಪ್ರವಚನಕ್ಕೆ ಗವಾಯಿಗಳೊಬ್ಬರು ವಚನಗಳನ್ನು ಹಾಡುವರು; ಒಬ್ಬರು ಪೇಟಿ ಬಾರಿಸುವರು; ಇನ್ನೊಬ್ಬರು ತಬಲಾ ಸಾಥಿ ಕೊಡುವರು. ಪುರಾಣ ಮಂಗಲವಾದ ಮೇಲೆ ಲೆಕ್ಕ ಕೂಡಿಸುವಾಗ ಹಂದರ ಹಾಕಿದವನಿಗೆ, ಧ್ವನಿವರ್ಧಕ ತಂದವನಿಗೆ, ದೀಪದವನಿಗೆ, ಹೂವಾಡಿಗನಿಗೆ, ಕಿರಾಣಿ ಅಂಗಡಿಗೆ ಇಷ್ಟಿಷ್ಟೆಂದು ಹಣ ಸಲ್ಲುತ್ತದೆ. ಹಾಡಿದವರ ಹೆಸರು ಬಂದಾಗ ಮಾತ್ರ ಹಲವೆಡೆ, ‘ಅವರದು ಶಿವಸೇವೆ, ಒಂದು ಶಾಲು ಹೊದಿಸಿ ಕಾಯಿ ಕೊಟ್ಟರಾಯಿತು’ ಎಂಬ ಮಾತು ಹೊರಡುತ್ತದೆ. ಹಾಗೆ ಅನ್ನುವವರು ಕೆಟ್ಟವರೇನಲ್ಲ, ಭಕ್ತರೇ ಅಹುದು. ಆದರೆ ಈ ಮಾತು ಶರಣಧರ್ಮಕ್ಕೆ ಒಪ್ಪುವದೋ ಇಲ್ಲವೋ ಎಂಬುದನ್ನು ವಿಚಾರಿಸುವದು ಅವಶ್ಯ. ಸಂಗೀತಗಾರನು ಸಂಭಾವನೆಯಿಲ್ಲದೆ ದುಡಿಯಬೇಕೆ? ದುಡಿಯುವದಾದರೆ ಯಾವಾಗ, ಯಾರ ಇಚ್ಛೆಯಿಂದ? ಇದೇ ಈ ತಿಂಗಳ ಪಾಠದ ವಿಷಯ.

ಕಾಯಕದ ಲಕ್ಷಣ

ಕಾಯದಿಂದ ಆಗುವದು ಕಾಯಕ. ಆದರೆ ದೇಹ ದಂಡಿಸಿದ ಮಾತ್ರಕ್ಕೆ ಅದು ಕಾಯಕವಾಗುವದಿಲ್ಲ. ಶರಣರ ಮತದಲ್ಲಿ ಕಾಯಕಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಒಂದು, ಅದು ಸತ್ಯಶುದ್ಧವಾಗಿರಬೇಕು. ಎರಡು, ಅದರಿಂದ ಮಾಡುವವನ ಜೀವನ ನಡೆಯಬೇಕು. ಅವನು ಪರರ ಮುಂದೆ ಕೈಯೊಡ್ಡುವಂತಾಗಬಾರದು. ಮೂರು, ತನ್ನ ಅವಶ್ಯಕತೆ ತೀರಿದ ಮೇಲೆ ಉಳಿದುದು ದಾಸೋಹಕ್ಕೆ ಸಲ್ಲಬೇಕು. ಈ ಮೂರರಲ್ಲಿ ನಡುವಿನದನ್ನು ತೆಗೆದುಬಿಟ್ಟರೆ ಮೂರನೆಯದಕ್ಕೆ ಆಧಾರವೇ ಇಲ್ಲವಾಗುತ್ತದೆ. ಗಳಿಸದವನು ಯಾವುದನ್ನು ನೀಡಿಯಾನು?

ಮೋಳಿಗೆಯ ಮಾರಯ್ಯನ ಚರಿತ್ರೆಯನ್ನು ಸ್ಮರಿಸಿರಿ. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಜಂಗಮದಾಸೋಹ ಮಾಡುತ್ತಿದ್ದನೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಅವನ ಬಡತನವನ್ನು ಕಂಡು ಮರೆಯಲ್ಲಿ ಹೊನ್ನನ್ನು ಇರಿಸಿ ಬಂದಾಗ ಅವನು ಅದನ್ನು ತನಗಾಗಿ ಇಟ್ಟುಕೊಳ್ಳದೆ ಜಂಗಮರಿಗೆ ಕೊಟ್ಟುಬಿಟ್ಟನು. ಇಲ್ಲಿ ಒಂದು ಸೂಕ್ಷ್ಮವುಂಟು. ಮಾರಯ್ಯನು ಕರುಣೆಯ ಹೊನ್ನನ್ನು ಒಲ್ಲೆನೆಂದನೇ ಹೊರತು ಕಟ್ಟಿಗೆಯ ಬೆಲೆಯನ್ನು ಒಲ್ಲೆನೆನ್ನಲಿಲ್ಲ. ದುಡಿಮೆಯ ಬೆಲೆ ಬೇರೆ, ದಯೆಯ ದಾನ ಬೇರೆ. ಹಾಡಿದವನಿಗೆ ಸಲ್ಲುವ ಸಂಭಾವನೆಯನ್ನು ನಾವು ಎಷ್ಟೋ ಸಲ ಎರಡನೆಯ ಪಂಕ್ತಿಯಲ್ಲಿ ಕೂಡಿಸುತ್ತೇವೆ; ಅದು ಇರಬೇಕಾದದ್ದು ಮೊದಲನೆಯ ಪಂಕ್ತಿಯಲ್ಲಿ.

‘ಹಾಡುವದೂ ಬಾರಿಸುವದೂ ಕಟ್ಟಿಗೆ ಹೊರುವಂಥ ಕಾಯಕವೇ?’ ಎಂದು ಕೆಲವರು ಕೇಳಬಹುದು. ಶರಣರು ಇದಕ್ಕೆ ಹಿಂದೆಯೇ ಉತ್ತರ ಕೊಟ್ಟಿರುವರು. ಢಕ್ಕೆಯ ಬೊಮ್ಮಣ್ಣನ ಹೆಸರಿನಲ್ಲಿಯೇ ಅವನ ವಾದ್ಯವಿದೆ. ಕಿನ್ನರಿ ಬೊಮ್ಮಯ್ಯನು ಮೊದಲು ಅಕ್ಕಸಾಲಿಗನು. ಕಲ್ಯಾಣಕ್ಕೆ ಬಂದ ಮೇಲೆ ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ಕಿನ್ನರಿ ನುಡಿಸುವದನ್ನೇ ಕಾಯಕವಾಗಿ ಕೈಕೊಂಡನು. ಆ ಸೇವೆಗೆ ಅವನಿಗೆ ದಿನವೂ ಹೊನ್ನು ದೊರೆಯುತ್ತಿತ್ತೆಂದೂ, ಅದರಿಂದ ಅವನು ಜಂಗಮಾರ್ಚನೆ ನಡೆಸುತ್ತಿದ್ದನೆಂದೂ ಪುರಾಣಕಾರರು ವರ್ಣಿಸುವರು. ಸ್ವತಃ ದೇವರೇ ಕಿನ್ನರಿಗೆ ಹೊನ್ನು ಸಲ್ಲಿಸಿದನೆಂದು ಹೇಳುವ ಪರಂಪರೆ ನಮ್ಮದು. ದೇವರು ಸಲ್ಲಿಸಿದ್ದನ್ನು ದೇವರ ಹೆಸರಿನ ಮಂಡಳಿ ತಪ್ಪಿಸಬಹುದೆ?

ಪೂರ್ವಪಕ್ಷ

ಈಗ ಎದುರು ವಾದವನ್ನೂ ನ್ಯಾಯವಾಗಿ ಕೇಳೋಣ. ಅದರಲ್ಲಿಯೂ ಸತ್ವವಿದೆ.

‘ವಿದ್ಯೆ ಮಾರುವ ವಸ್ತುವಲ್ಲ. ಅದರಲ್ಲಿಯೂ ಶಿವನಾಮವನ್ನು ಹಾಡಿ ಹಣ ಕೇಳುವದು ಭಕ್ತಿಯ ವ್ಯಾಪಾರ’ ಎಂಬುದು ಮೊದಲನೆಯ ಆಕ್ಷೇಪ. ಸಂಸ್ಕೃತ ಓದಿದವರು ಇದಕ್ಕೆ ಕಾಳಿದಾಸನ ಸಾಕ್ಷಿಯನ್ನೂ ತರುವರು. ಮಾಳವಿಕಾಗ್ನಿಮಿತ್ರ ನಾಟಕದಲ್ಲಿ ನಾಟ್ಯಾಚಾರ್ಯನಾದ ಗಣದಾಸನು, ಕೇವಲ ಜೀವಿಕೆಗಾಗಿ ವಿದ್ಯೆಯನ್ನು ಇಟ್ಟುಕೊಂಡವನು ಜ್ಞಾನದ ವರ್ತಕನೆಂದು ಹೇಳುವನು. ಮಾತು ನಿಜವೇ. ಆದರೆ ಅದನ್ನು ಆಡಿದವನು ಯಾರು? ಅರಮನೆಯಿಂದ ವೇತನ ಪಡೆಯುತ್ತಿದ್ದ ಆಚಾರ್ಯನು. ಅದೇ ಪ್ರಸಂಗದಲ್ಲಿ ವಿದೂಷಕನು ಆಚಾರ್ಯರ ವೇತನದ ಮಾತನ್ನು ಎತ್ತಿ ಕೆಣಕುವನು. ಆದ್ದರಿಂದ ಗಣದಾಸನು ನಿಂದಿಸಿದ್ದು ವೇತನವನ್ನಲ್ಲ, ‘ಕೇವಲ’ ಎಂಬ ಭಾವವನ್ನು. ಹೊಟ್ಟೆ ತುಂಬಿದ ಮೇಲೆ ವಿದ್ಯೆಯ ಗೊಡವೆ ಬಿಟ್ಟವನು ವರ್ತಕನು. ವಿದ್ಯೆ ಬಾಡಬಾರದೆಂದು ಅನ್ನ ಕೇಳುವವನು ವರ್ತಕನಲ್ಲ.

ಎರಡನೆಯ ಆಕ್ಷೇಪವಿದು: ‘ಭಕ್ತರೆಲ್ಲರೂ ಏನಾದರೊಂದನ್ನು ನೀಡುವರು. ರೈತನು ಜೋಳ ತರುವನು, ವ್ಯಾಪಾರಿಯು ಬೆಲ್ಲ ತರುವನು. ಹಾಗೆಯೇ ಗಾಯಕನು ಕಂಠವನ್ನು ದಾಸೋಹ ಮಾಡಲಿ.’ ಮೇಲುನೋಟಕ್ಕೆ ಈ ಮಾತಿಗೆ ಉತ್ತರವೇ ಇಲ್ಲವೆಂದು ತೋರುವದು. ಆದರೆ ರೈತನು ಹತ್ತು ಚೀಲದಲ್ಲಿ ಒಂದು ಚೀಲ ತರುವನು. ಮಿಕ್ಕುದರಲ್ಲಿ ಅವನ ವರ್ಷ ಸಾಗುವದು. ಗಾಯಕನಿಂದ ನಾವು ಬೇಡುವದು ಶ್ರಾವಣದ ತಿಂಗಳನ್ನೆಲ್ಲ. ಅವನಿಗೆ ಸುಗ್ಗಿಯಿರುವದೇ ಶ್ರಾವಣ, ಜಾತ್ರೆ, ಮದುವೆಗಳ ಕಾಲದಲ್ಲಿ. ಸುಗ್ಗಿಯ ರಾಶಿಯನ್ನೆಲ್ಲ ತಂದು ಸುರಿಯೆಂದು ರೈತನಿಗೆ ಯಾವ ಮಠವೂ ಹೇಳಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನೋಡಿರಿ. ಅಲ್ಲಿ ಚೀಲ ಹೊತ್ತ ಹಮಾಲನಿಗೆ ಹಮಾಲಿ ಸಲ್ಲುತ್ತದೆ. ‘ಈ ಚೀಲ ದಾಸೋಹಕ್ಕೆ ಹೋಗುವದು, ಪುಕ್ಕಟೆ ಹೊರು’ ಎಂದು ಅಡತಿಯವನು ಆಜ್ಞೆ ಮಾಡಿದರೆ ಅದು ಧರ್ಮವೆನಿಸುವದಿಲ್ಲ. ಹಮಾಲನು ತಾನಾಗಿಯೇ ‘ಇದೊಂದು ಚೀಲದ ಹಮಾಲಿ ಬೇಡ, ಇದು ನನ್ನ ಸೇವೆ’ ಎಂದರೆ ಅದು ದೊಡ್ಡ ಧರ್ಮ. ಹೊರೆ ಒಂದೇ, ಬೆವರು ಒಂದೇ. ಆದರೆ ಇಚ್ಛೆ ಯಾರದೆಂಬುದರ ಮೇಲೆ ಧರ್ಮಾಧರ್ಮಗಳ ನಿರ್ಣಯವಾಗುವದು.

ಸಿದ್ಧಾಂತ

ದಾಸೋಹವೆಂಬ ಶಬ್ದವನ್ನೇ ಬಿಡಿಸಿ ನೋಡೋಣ. ದಾಸಃ ಅಹಂ, ಅಂದರೆ ದಾಸನು ನಾನು. ವ್ಯಾಕರಣದ ಬಾಲಕನೂ ಬಲ್ಲಂತೆ ಇದು ಉತ್ತಮಪುರುಷದ ಮಾತು. ‘ನಾನು ದಾಸನು’ ಎಂದರೆ ದಾಸೋಹವಾಯಿತು. ‘ನೀನು ದಾಸನಾಗು’ ಎಂದರೆ ಅದು ದಾಸೋಹವಲ್ಲ, ದಬ್ಬಾಳಿಕೆ. ತನ್ನ ಕಾಯಕದ ಫಲವನ್ನು ತಾನು ಅರ್ಪಿಸುವದಕ್ಕೆ ಮಾತ್ರ ಆ ಪವಿತ್ರ ನಾಮ ಸಲ್ಲುವದು. ಪರರ ಕಾಯಕದ ಫಲವನ್ನು ಕೇಳದೆ ತೆಗೆದು ಶಿವನಿಗೆ ಅರ್ಪಿಸಿದೆನೆಂಬುವನು ತನ್ನದಲ್ಲದ ಹೂವನ್ನು ಕಿತ್ತು ಪೂಜೆ ಮಾಡಿದಂತೆ.

ಫ. ಗು. ಹಳಕಟ್ಟಿಯವರ ತ್ಯಾಗವನ್ನು ನಾವೆಲ್ಲರೂ ಕೊಂಡಾಡುವೆವು. 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದ ಆ ಮಹನೀಯರು ವಚನಗಳ ಮುದ್ರಣಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಮಾರಿದ್ದು ತಮ್ಮ ಮನೆಯನ್ನು, ನೆರೆಯವರ ಮನೆಯನ್ನಲ್ಲ. ದಾಸೋಹದ ಮರ್ಮ ಇದೇ ಆಗಿದೆ.

ಆಯ್ದಕ್ಕಿ ಲಕ್ಕಮ್ಮನ ನಿಷ್ಠುರ ನ್ಯಾಯವೂ ಇಲ್ಲಿ ಅನ್ವಯಿಸುವದು. ಪತಿಯಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾರೆಂದು ಕಳುಹಿದ ಮಹಾತಾಯಿ ಆಕೆ. ಸಲ್ಲಬೇಕಾದುದಕ್ಕಿಂತ ಹೆಚ್ಚು ತೆಗೆದುಕೊಳ್ಳುವದು ದೋಷವೆಂದು ಆಕೆ ಕಂಡಳು. ಹಾಗಾದರೆ ಹಾಡಿಸಿಕೊಂಡು ಸಲ್ಲಬೇಕಾದುದನ್ನು ಕೊಡದ ನಾವು ಏನು ಮಾಡಿದಂತಾಯಿತು? ಕೊಡದೆ ಉಳಿಸಿದ ಹಣವೂ ನಮ್ಮ ಮನೆಗೆ ಬಂದ ಹೆಚ್ಚಿನ ಅಕ್ಕಿಯೇ. ಲಕ್ಕಮ್ಮ ಇದ್ದಿದ್ದರೆ ಅದನ್ನು ಹಿಂದಕ್ಕೆ ಒಯ್ಯೆಂದೇ ಹೇಳುತ್ತಿದ್ದಳು. ಇದೇ ನ್ಯಾಯ ಗಾಯಕನಿಗೂ ಉಂಟು. ಬಡವರ ಮನೆಯ ಕಾರ್ಯಕ್ಕೂ ಶ್ರೀಮಂತರ ಉತ್ಸವದ ಬೆಲೆಯನ್ನೇ ಹೇಳಿ, ಸಾಲ ಮಾಡಿಸಿ ಹಾಡುವದು ಕಾಯಕವಲ್ಲ, ಆಶೆ.

ನಮ್ಮ ಸೀಮೆಯ ದೃಷ್ಟಾಂತ

ಈ ವಿಚಾರಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಹುಟ್ಟಿದ ಮಹಾದೃಷ್ಟಾಂತವೊಂದಿದೆ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಕಣ್ಣಿಲ್ಲದ ಆ ಬಾಲಕನ ಕಂಠವನ್ನು ಗುರುತಿಸಿ ಶಿಕ್ಷಣ ಕೊಡಿಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಮುಂದೆ ಗವಾಯಿಗಳು ದಾಕ್ಷಿಣಾತ್ಯ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ, ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಸಂಚರಿಸಿ ವಿದ್ಯೆ ಕಲಿಸಿದರು. ಆ ಸಂಚಾರಿ ಪಾಠಶಾಲೆಯೇ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೂ ನಡೆಸಿದರು.

ಈ ಆಶ್ರಮದಲ್ಲಿ ಮಕ್ಕಳಿಗೆ ಅನ್ನವೂ ವಿದ್ಯೆಯೂ ಉಚಿತ. ಆದರೆ ಆ ಉಚಿತವು ಎಲ್ಲಿಂದ ಬಂತೆಂಬುದನ್ನು ವಿಚಾರಿಸಿರಿ. ಗವಾಯಿಗಳು ನಾಟಕಮಂಡಳಿಯನ್ನು ಕಟ್ಟಿದರು. ಟಿಕೆಟ್ಟು ಕೊಂಡು ಜನ ನಾಟಕ ನೋಡಿದರು. ಆ ಹಣದಿಂದ ಮಕ್ಕಳು ಉಂಡರು. ಪುಟ್ಟರಾಜರನ್ನು ಭಕ್ತರು ತುಲಾಭಾರದಲ್ಲಿ ನಾಣ್ಯಗಳಿಂದ ತೂಗಿದರು. ಅದೂ ಮಕ್ಕಳ ತಟ್ಟೆಗೇ ಬಂತು. ಕೊಡುವ ಕೈಗಳು ಇದ್ದುದರಿಂದಲೇ ಉಚಿತ ವಿದ್ಯೆ ನಡೆಯಿತು. ಯಾರೂ ಬೆಲೆ ತೆರದೆ ಆಗುವ ಉಚಿತ ಎಲ್ಲಿಯೂ ಇಲ್ಲ. ಒಬ್ಬರಲ್ಲ ಒಬ್ಬರು ತೆರುತ್ತಿರುತ್ತಾರೆ. ನಾವು ತೆರದಿದ್ದರೆ ಗಾಯಕನ ಹೆಂಡತಿ ಮಕ್ಕಳು ಹಸಿವೆಯಿಂದ ತೆರುವರು.

ಪುಣ್ಯಾಶ್ರಮದಂಥ ಕಡೆ ಕಲಿತು ಬಂದವರಲ್ಲಿ ಕಣ್ಣಿಲ್ಲದವರು ಅನೇಕರು. ಅವರಿಗೆ ಹೊಲವಿಲ್ಲ, ಅಂಗಡಿಯಿಲ್ಲ. ಸ್ವರವೇ ಹೊಲ, ತಾಳವೇ ನೇಗಿಲು. ಅವರನ್ನು ಪುಕ್ಕಟೆ ಹಾಡಿಸಿದರೆ ಗುರುಗಳು ಭಿಕ್ಷೆಯಿಂದ ಬಿಡಿಸಿದವರನ್ನು ನಾವು ಪುನಃ ಭಿಕ್ಷೆಗೆ ತಳ್ಳಿದಂತಾಗುವದು. ಇನ್ನೂ ಒಂದು ಕೇಡುಂಟು. ಸಂಗೀತದಿಂದ ಅನ್ನವಿಲ್ಲವೆಂದು ಊರಿಗೆಲ್ಲ ತಿಳಿದ ಮೇಲೆ ಬಡವರು ತಮ್ಮ ಮಕ್ಕಳಿಗೆ ಅದನ್ನು ಕಲಿಸುವದಿಲ್ಲ. ಉಳ್ಳವರ ಮಕ್ಕಳಿಗೆ ಮಾತ್ರ ಆ ವಿದ್ಯೆ ಉಳಿಯುವದು. ಕುಲವನ್ನೂ ಸಿರಿಯನ್ನೂ ನೋಡದೆ ಎಲ್ಲರ ಬಾಯಲ್ಲಿ ವಚನ ನುಡಿಸಿದ ಶರಣರ ಮಾರ್ಗಕ್ಕೆ ಇದಕ್ಕಿಂತ ಹೆಚ್ಚಿನ ವಿರೋಧ ಯಾವುದು?

ಶಾಸನದ ಮಾತು

ರಾಜಶಾಸನವೂ ಈ ಭೇದವನ್ನು ಅರಿತಿದೆ. 1957ರ ಕೃತಿಸ್ವಾಮ್ಯದ ಕಾಯಿದೆಯು ನಿಜವಾದ ಧಾರ್ಮಿಕ ಸಮಾರಂಭದಲ್ಲಿ ಹಾಡಿದ ಹಾಡನ್ನು ಸ್ವಾಮ್ಯದ ಉಲ್ಲಂಘನೆಯೆಂದು ಎಣಿಸುವದಿಲ್ಲ; ಮದುವೆಯ ಮೆರವಣಿಗೆಗೂ ಈ ವಿನಾಯಿತಿ ಉಂಟು. ಆದರೆ ಈ ವಿನಾಯಿತಿ ಸಲ್ಲುವದು ಹಾಡೆಂಬ ಕೃತಿಗೆ, ಹಾಡುವವನ ದುಡಿಮೆಗಲ್ಲ. ಹನ್ನೆರಡನೆಯ ಶತಮಾನದ ವಚನ ಲೋಕದ ಸ್ವತ್ತು. ಅದನ್ನು ಹಾಡುವ ಕಂಠ ಆ ಗಾಯಕನದು. 1994ರ ತಿದ್ದುಪಡಿಯಿಂದ ಪ್ರದರ್ಶಕನಿಗೂ ತನ್ನ ಪ್ರದರ್ಶನದ ಮೇಲೆ ಹಕ್ಕು ಬಂದಿದೆ. 2012ರ ತಿದ್ದುಪಡಿಯು ರಾಗಸಂಯೋಜಕರ, ಗೀತಕಾರರ ಗೌರವಧನದ ಪಾಲನ್ನು ಮತ್ತಷ್ಟು ಭದ್ರಪಡಿಸಿದೆ. ಆದ್ದರಿಂದ ಪುರಾಣದ ಹಾಡುಗಾರಿಕೆಯನ್ನು ಮೊಬೈಲಿನಲ್ಲಿ ಹಿಡಿದು, ಕೇಳದೆಯೇ ಯೂಟ್ಯೂಬಿಗೆ ಏರಿಸುವ ಉತ್ಸಾಹಿ ತರುಣರು ಮೊದಲು ಗವಾಯಿಗಳ ಒಪ್ಪಿಗೆಯನ್ನು ಪಡೆಯಬೇಕು. ‘ನಿಮ್ಮ ಹೆಸರು ಪ್ರಸಿದ್ಧಿಗೆ ಬರುತ್ತದೆ’ ಎಂಬ ಸಮಾಧಾನ ಸಾಲದು. ಪ್ರಸಿದ್ಧಿಯಿಂದ ಒಲೆ ಉರಿಯುವದಿಲ್ಲ.

ಗೃಹಸ್ಥರ ಆಚರಣೆಗೆ

ತಿಳಿದುದು ನಡೆಯಲ್ಲಿ ಬರಬೇಕು. ಅದಕ್ಕಾಗಿ ಕೆಲವು ಸೂಚನೆಗಳನ್ನು ಹೇಳಿ ಪಾಠವನ್ನು ಮುಗಿಸುವೆನು.

1. ಪುರಾಣಕ್ಕೆ, ಜಾತ್ರೆಗೆ, ಲಗ್ನಕ್ಕೆ ಪಟ್ಟಿ ಎತ್ತುವ ಮೊದಲೇ ಗಾಯಕ ವಾದಕರ ಸಂಭಾವನೆಯನ್ನು ಖರ್ಚಿನ ಯಾದಿಯಲ್ಲಿ ಬರೆಯಿರಿ. ಉಳಿದರೆ ಕೊಡೋಣವೆಂಬ ಕಡೆಯ ಸಾಲಿಗೆ ಅದನ್ನು ಇಡಬೇಡಿರಿ.

2. ಮೊತ್ತವನ್ನು ಮುಂಚಿತವಾಗಿ, ಮರ್ಯಾದೆಯಿಂದ ಮಾತಾಡಿರಿ. ಸಂಕೋಚದಿಂದ ಅವರು ಕೇಳಲಾರರು. ಆದ್ದರಿಂದ ಕೇಳುವ ಹೊಣೆ ಕರೆದವರದು. ಪ್ರಯಾಣದ ಖರ್ಚು ಬೇರೆ.

3. ಮುಖ್ಯ ಗಾಯಕನಿಗೆ ಕೊಟ್ಟು ತಬಲಾದವನನ್ನೂ ಪೇಟಿಯವನನ್ನೂ ಮರೆಯಬೇಡಿರಿ.

4. ಶಾಲು ಹೊದಿಸಿರಿ, ಹಾರ ಹಾಕಿರಿ, ಅದು ಗೌರವ. ಸಂಭಾವನೆ ಅದರ ಸ್ಥಾನದಲ್ಲಿ ಇರಲಿ. ಒಂದು ಮತ್ತೊಂದರ ಬದಲಿಯಲ್ಲ.

5. ಗಾಯಕನು ತಾನಾಗಿಯೇ ‘ಇದು ನನ್ನ ಸೇವೆ, ಏನೂ ಬೇಡ’ ಎಂದರೆ ಕೈಮುಗಿದು ಸ್ವೀಕರಿಸಿರಿ. ಆದರೆ ಅದನ್ನೇ ಮುಂದಿನ ವರ್ಷಕ್ಕೆ ಪದ್ಧತಿ ಮಾಡಬೇಡಿರಿ. ಇನ್ನೊಬ್ಬ ಗಾಯಕನಿಗೆ ಅದನ್ನು ಉದಾಹರಣೆಯಾಗಿ ತೋರಿಸಲೂ ಬೇಡಿರಿ.

6. ನಿಜವಾಗಿಯೂ ಶಕ್ತಿಯಿಲ್ಲದ ಸಣ್ಣ ಊರಿನವರು ಅದನ್ನು ಬಾಯಿಬಿಟ್ಟು ಹೇಳಿರಿ. ಹಂದರವನ್ನು ಚಿಕ್ಕದು ಮಾಡಿರಿ, ದೀಪಗಳನ್ನು ಕಡಿಮೆ ಮಾಡಿರಿ. ಎಲ್ಲರೂ ಪುಕ್ಕಟೆ ದುಡಿಯುವ ಕಡೆ ಗಾಯಕನೂ ಸಂತೋಷದಿಂದ ದುಡಿದಾನು. ಎಲ್ಲರಿಗೂ ಸಂದು ಅವನೊಬ್ಬನಿಗೆ ಸಲ್ಲದಿರುವಲ್ಲಿಯೇ ಅನ್ಯಾಯ.

ಇನ್ನು ಗಾಯಕ ಬಂಧುಗಳಿಗೂ ಒಂದು ಮಾತು. ನುಲಿಯ ಚಂದಯ್ಯನು ಗುರುವಿಗೂ, ಲಿಂಗಕ್ಕೂ, ಜಂಗಮಕ್ಕೂ ಕಾಯಕ ತಪ್ಪದೆಂದು ಸಾರಿದವನು. ಹಗ್ಗ ಹೊಸೆಯುವವನಿಗೆ ಇದ್ದ ಆ ನಿಷ್ಠೆ ಸ್ವರ ಹೊಸೆಯುವವರಿಗೂ ಇರಲಿ. ಸಂಭಾವನೆ ನಿಶ್ಚಯವಾಯಿತೆಂದು ಅಭ್ಯಾಸ ತಪ್ಪಬಾರದು. ಹೆಚ್ಚು ಕೊಟ್ಟವರ ಊರಿಗಾಗಿ ಮೊದಲು ಮಾತು ಕೊಟ್ಟ ಊರನ್ನು ಬಿಡಬಾರದು. ವರ್ಷದಲ್ಲಿ ಕೆಲವು ದಿನಗಳನ್ನಾದರೂ ತಮ್ಮ ಇಚ್ಛೆಯಿಂದ ಬಡವರಿಗೂ ಮಕ್ಕಳಿಗೂ ಮೀಸಲಿಡಬೇಕು. ಆಗ ‘ದಾಸನು ನಾನು’ ಎಂಬ ಮಾತು ಅವರ ಬಾಯಿಂದಲೇ ಬರುವದು, ಸಾರ್ಥಕವೂ ಆಗುವದು.

ನಮ್ಮ ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಡದಲ್ಲಿ, ಅಂಬಿಗರ ಚೌಡಯ್ಯನ ನೆನಪು ಇಂದಿಗೂ ಜೀವಂತವಾಗಿದೆ. ಹುಟ್ಟು ಹಾಕುವದನ್ನೇ ಶಿವಪೂಜೆಯೆಂದು ತಿಳಿದ ಆ ನಿರ್ಭಯ ಶರಣನು ಡಾಂಭಿಕತೆಯನ್ನು ಎಲ್ಲಿ ಕಂಡರೂ ಬಿಡಲಿಲ್ಲ. ಹೊಳೆ ದಾಟಿಸಿದವನಿಗೆ ದಡ ಮುಟ್ಟಿದ ಮೇಲೆ ಬರಿಯ ಹೊಗಳಿಕೆ ಸಲ್ಲಿಸಿ ನಡೆದುಬಿಡುವದು ಭಕ್ತರ ಲಕ್ಷಣವಲ್ಲ. ಗಾಯಕನೂ ನಮ್ಮ ಮನಸ್ಸನ್ನು ಸಂಸಾರದ ಈ ದಡದಿಂದ ಕ್ಷಣಕಾಲವಾದರೂ ಆಚೆಯ ದಡಕ್ಕೆ ಒಯ್ಯುವ ಅಂಬಿಗನು. ಅವನ ಕಾಯಕಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವದು ಕೇಳುವ ನಮ್ಮ ದಾಸೋಹ. ಇದನ್ನು ಅರಿತು ನಡೆಯುವ ಸದ್ಬುದ್ಧಿ ಎಲ್ಲರಿಗೂ ಆಗಲಿ.