ಅಪ್ಪನ ಎಚ್‌ಎಂಟಿ ಬೇಸಿಗೆಯಲ್ಲಿ ಹಿಂದೆ ಬೀಳುತ್ತಿದೆಯೇ?

ಪ್ರಶ್ನೆ: ಮನೆ ನಾಸಿಕ್, ಕೆಲಸ ಛತ್ರಪತಿ ಸಂಭಾಜಿನಗರ. ಅಪ್ಪನ 1970ರ ದಶಕದ ಎಚ್‌ಎಂಟಿ ಕೈಗಡಿಯಾರ ದಿನಕ್ಕೆ ಐದಾರು ನಿಮಿಷ ಹಿಂದೆ ಬೀಳುತ್ತಿದೆ. ಬಿಸಿಲೇ ಕಾರಣವೇ?

ಉತ್ತರ: ಬಿಸಿಲೊಂದೇ ಇಷ್ಟು ಕೆಡಿಸದು. ಹಳೆಯ ಕಾಲದ ಉಕ್ಕಿನ ಹೇರ್‌ಸ್ಪ್ರಿಂಗ್ (ಗಡಿಯಾರದ ಗತಿ ಕಾಯುವ ತೆಳು ಸುರುಳಿ) ಬಿಸಿಗೆ ಬಿಗಿ ಕಳೆದುಕೊಂಡು, ಗಡಿಯಾರ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ದಿನಕ್ಕೆ ಸುಮಾರು 10 ಸೆಕೆಂಡು ಹಿಂದೆ ಬೀಳುತ್ತಿತ್ತು. ನಿಕಲ್-ಉಕ್ಕಿನ ಮಿಶ್ರಲೋಹಗಳ ಸಂಶೋಧನೆಗೆ ಶಾರ್ಲ್ ಎಡ್ವರ್ಡ್ ಗಿಯೋಮ್ 1920ರಲ್ಲಿ ನೊಬೆಲ್ ಪಡೆದರು. ಆ ದಾರಿಯಲ್ಲಿ ಬಂದ, ನಿಮ್ಮದರಂಥ ಗಡಿಯಾರಗಳಲ್ಲಿರುವ ಮಿಶ್ರಲೋಹದ ಸ್ಪ್ರಿಂಗ್‌ಗಳು ಬಿಸಿಗೂ ಚಳಿಗೂ ಹೆಚ್ಚು ಬದಲಾಗವು. ಕೈಯಲ್ಲಿದ್ದರೆ ಮೈಶಾಖವೂ ಗಡಿಯಾರದ ಉಷ್ಣತೆಯನ್ನು ಸಮವಾಗಿಡುತ್ತದೆ.

ನಿಮ್ಮ ಗಡಿಯಾರದಲ್ಲಿ ಎಣ್ಣೆ ಒಣಗಿ, ಧೂಳು ಸೇರಿರುವ ಸಾಧ್ಯತೆಯೇ ಹೆಚ್ಚು. ನುರಿತವರಿಂದ ಬಿಚ್ಚಿಸಿ ಸರ್ವಿಸ್ ಮಾಡಿಸಿ. ದಿನವೂ ಒಂದೇ ಹೊತ್ತಿಗೆ ಕೀಲಿ ಕೊಡಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.