ಅಡುಗೆಮನೆ ಕಸ ಹೊಲಕ್ಕೆ ಬೇಡ, ಹಿತ್ತಲಿಗೆ ಹಾಕಿ



ಮೊಬೈಲ್ ತೆಗೆದರೆ ಸಾಕು, ಅಡುಗೆಮನೆ ಕಸದಿಂದಲೇ ಗೊಬ್ಬರ ಮಾಡಿ ಅಂಗಡಿ ಗೊಬ್ಬರದ ಖರ್ಚು ಉಳಿಸಿ ಅನ್ನೋ ವಿಡಿಯೋಗಳು ಸಾಲುಸಾಲಾಗಿ ಬರ್ತವೆ. ಅದನ್ನ ನೋಡಿ ಹುರುಪಿನಿಂದ ಡ್ರಮ್ ತಂದು, ಎರಡೇ ತಿಂಗಳಿಗೆ ಬೇಸರ ಬಂದು, ಅದೇ ಡ್ರಮ್ಮಿಗೆ ದನದ ನೀರು ತುಂಬಿಟ್ಟವರನ್ನೂ ನೋಡಿದ್ದೇನೆ. ಮೊದಲೇ ಲೆಕ್ಕ ಹಾಕಿದ್ದರೆ ಹೀಗಾಗ್ತಿರಲಿಲ್ಲ. ಈ ವಾರ ಆ ಲೆಕ್ಕವನ್ನೇ ಹಾಕೋಣ.

ಐದು ಜನರ ಮನೆಯಲ್ಲಿ ತರಕಾರಿ ಸಿಪ್ಪೆ, ಸೊಪ್ಪಿನ ಕಡ್ಡಿ, ಟೀ ಚರಟ ಎಲ್ಲ ಸೇರಿ ದಿನಕ್ಕೆ ಒಂದು ಕೆಜಿ ಹಸಿ ಕಸ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 365 ಕೆಜಿ. ಕೊಳೆತು ಗೊಬ್ಬರ ಆಗುವಾಗ ಮೂರನೇ ಒಂದು ಭಾಗ ಉಳಿದರೆ ಸುಮಾರು 120 ಕೆಜಿ. ಅದರಲ್ಲಿ ಸಾರಜನಕ ಹೆಚ್ಚುಕಮ್ಮಿ ಒಂದು ಕೆಜಿ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ ಇದು ಎರಡು ಕೆಜಿ ಚಿಲ್ಲರೆ ಯೂರಿಯಾಕ್ಕೆ ಸಮ. ಸಬ್ಸಿಡಿ ದರದಲ್ಲಿ 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ ಅಂದರೆ, ವರ್ಷವಿಡೀ ಕಸ ಕೂಡಿಟ್ಟಿದ್ದಕ್ಕೆ ಉಳಿದದ್ದು 13 ರೂಪಾಯಿ! ಕಾಂಪೋಸ್ಟ್‌ನಲ್ಲಿ ಸಾರಜನಕ ಮಾತ್ರ ಇರೋದಿಲ್ಲ, ಮಣ್ಣಿಗೆ ಜೀವ ಕೊಡುವ ಸಾವಯವ ಅಂಶವೂ ಇದೆ, ನಿಜ. ಆದರೆ ಎಕರೆಗೆ ಟನ್‌ಗಟ್ಟಲೆ ಗೊಬ್ಬರ ಬೇಡುವ ಹೊಲದಲ್ಲಿ 120 ಕೆಜಿ ಎಲ್ಲಿ ಹೋಯ್ತು ಅಂತ ಹುಡುಕಿದರೂ ಸಿಗಲ್ಲ.

ಅದೇ 120 ಕೆಜಿಯನ್ನು ಮನೆ ಹಿಂದಿನ 10 ಅಡಿ ಅಗಲ, 20 ಅಡಿ ಉದ್ದದ ಜಾಗಕ್ಕೆ ಹಾಕಿ ನೋಡಿ. ಅಷ್ಟು ಜಾಗಕ್ಕೆ ವರ್ಷದಲ್ಲಿ ಮೂರು ಬೆಳೆಗೂ ಅದು ಧಾರಾಳ. ನಿಮ್ಮ ಮನೆಯಲ್ಲಿ ವಾರದ ಸಂತೆಗೆ ಸೊಪ್ಪು, ತರಕಾರಿ ಅಂತ 300 ರೂಪಾಯಿ ಹೋಗ್ತಿದ್ದರೆ ವರ್ಷಕ್ಕೆ 15,600 ಆಯ್ತು. ಈರುಳ್ಳಿ, ಆಲೂಗಡ್ಡೆ ಕೊಳ್ಳೋದು ಹೇಗೂ ತಪ್ಪಲ್ಲ. ಉಳಿದದ್ದರಲ್ಲಿ ಅರ್ಧ ಖರ್ಚು ಉಳಿದರೂ ಸಾವಿರಾರು ರೂಪಾಯಿ. ಎಕರೆಗಟ್ಟಲೆ ಟೊಮೆಟೊ ಬೆಳೆಯುವ ಮನೆಯವರೇ ಸಂತೆಯಲ್ಲಿ ಕೊತ್ತಂಬರಿ ಕಟ್ಟು ಕೊಳ್ಳೋದನ್ನ ನೀವೂ ನೋಡಿರ್ತೀರಿ.

ಮೆಂತ್ಯ, ದಂಟು 25-30 ದಿನಕ್ಕೆ ಕೀಳಲು ಬರ್ತವೆ. ಎಲ್ಲವನ್ನೂ ಒಂದೇ ಸಲ ಬಿತ್ತಬೇಡಿ. ಹದಿನೈದು ದಿನಕ್ಕೊಂದು ಸಣ್ಣ ಮಡಿ ಬಿತ್ತಿದರೆ ವಾರವೂ ಸೊಪ್ಪು ಸಿಗುತ್ತೆ. ಬೇಲಿಗೆ ಹೀರೆ ಅಥವಾ ಬಸಳೆ ಹಬ್ಬಿಸಿ, ಮೂಲೆಗೆ ನುಗ್ಗೆ, ಕರಿಬೇವು, ನಾಲ್ಕು ಬದನೆ, ನಾಲ್ಕು ಮೆಣಸಿನ ಗಿಡ ಹಾಕಿ. ಪಾತ್ರೆ ತೊಳೆದ ನೀರನ್ನ ಬಾಳೆ ಬುಡಕ್ಕೆ ಬಿಡಿ. ಬಟ್ಟೆ ಸೋಪಿನ ನೀರನ್ನು ಮಾತ್ರ ಸೊಪ್ಪಿನ ಮಡಿಗೆ ಬಿಡಬೇಡಿ, ಮಣ್ಣಿನಲ್ಲಿ ಉಪ್ಪಿನಂಶ ಕೂಡುತ್ತೆ.

ಗೊಬ್ಬರಕ್ಕೆ ಡ್ರಮ್ ಕೊಳ್ಳುವ ಅಗತ್ಯವೇ ಇಲ್ಲ. ಮರದ ನೆರಳಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಎರಡಡಿ ಆಳದ ಎರಡು ಗುಂಡಿ ಸಾಕು. ಒಂದು ತುಂಬುವಾಗ ಇನ್ನೊಂದು ಮಾಗುತ್ತಿರಲಿ. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ, ಮೇಲೆ ಸ್ವಲ್ಪ ಸಗಣಿ ನೀರು, ಒಂದು ಹಿಡಿ ಮಣ್ಣು. ಹೆಚ್ಚಿನವರು ಎಡವೋದು ಒಣ ಎಲೆ ವಿಷಯದಲ್ಲೇ. ಎಲೆ ಗುಡಿಸಿ ಬೆಂಕಿ ಹಚ್ತಾರೆ, ಆಮೇಲೆ ಗುಂಡಿ ನಾರುತ್ತೆ ಅಂತಾರೆ. ಹಿಡಿ ಗೊಬ್ಬರ ತೆಗೆದು ಹಿಂಡಿ ನೋಡಿ: ಒಂದೆರಡು ಹನಿ ಬಂದರೆ ಹದ ಸರಿ. ನೀರು ಸುರಿದರೆ ಇನ್ನಷ್ಟು ಎಲೆ ಹಾಕಿ, ಉದುರಿದರೆ ನೀರು ಚಿಮುಕಿಸಿ. ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಎರಡು-ಮೂರು ತಿಂಗಳಿಗೆ ಗೊಬ್ಬರ ರೆಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗುಂಡಿ ಬಿಟ್ಟು ನೆಲದ ಮೇಲೆಯೇ ರಾಶಿ ಮಾಡಿ, ಮೇಲೆ ಮರೆ ಕಟ್ಟಿ.

ಒಲೆ ಬೂದಿಯನ್ನು ಸಗಣಿ ಜೊತೆ ಬೆರೆಸಬೇಡಿ. ಬೂದಿ ಕ್ಷಾರ, ಅದು ಸೇರಿದರೆ ಸಗಣಿಯ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತೆ. ಹುಳಿ ಮಣ್ಣಿರುವ ಕಡೆ ಬಾಳೆ, ತೆಂಗಿನ ಬುಡಕ್ಕೆ ಬೇರೆಯಾಗಿ ಹಾಕಿ, ಪೊಟ್ಯಾಶ್ ಸಿಗುತ್ತೆ. ಕ್ಷಾರ ಹೆಚ್ಚಿರುವ ಕಪ್ಪು ಮಣ್ಣಿಗೆ ಹಾಕದಿದ್ದರೇ ಒಳ್ಳೆಯದು.

ಇನ್ನು ಉಳಿದ ಅನ್ನದ ವಿಷಯ. ದಿನದ ಒಂದೆರಡು ತುತ್ತು ಕೋಳಿಗೆ ಹಾಕಿದರೆ ಚಿಂತೆಯಿಲ್ಲ. ಆದರೆ ಮದುವೆ, ಜಾತ್ರೆ ಮುಗಿದ ಮೇಲೆ "ಯಾಕೆ ಚೆಲ್ಲೋದು" ಅಂತ ಬುಟ್ಟಿಗಟ್ಟಲೆ ಅನ್ನವನ್ನ ದನದ ಮುಂದೆ ಸುರಿಯುವ ರೂಢಿ ಇದೆಯಲ್ಲ, ಅದು ಹಸುವಿನ ಪ್ರಾಣಕ್ಕೇ ಕುತ್ತು. ಹೊಟ್ಟೆಯಲ್ಲಿ ಅನ್ನ ಬೇಗ ಹುಳಿಯಾಗಿ ಆಮ್ಲ ಏರುತ್ತೆ. ಹಸು ಮೆಲುಕು ನಿಲ್ಲಿಸಿ, ಹೊಟ್ಟೆ ಬಿಗಿದು, ತೆಳ್ಳಗೆ ಭೇದಿಯಾಗಿ ಮಲಗಿಬಿಡುತ್ತೆ. ಹಾಗಾದರೆ ಮನೆಮದ್ದು ಅಂತ ಕಾಯಬೇಡಿ. ತಕ್ಷಣ ಪಶುವೈದ್ಯರನ್ನು ಕರೆಯಿರಿ, ಅಥವಾ 1962ಕ್ಕೆ ಫೋನ್ ಮಾಡಿ. ಹೆಚ್ಚು ಅನ್ನ ಉಳಿದಿದ್ದರೆ ಒಣ ಎಲೆಯೊಡನೆ ಗುಂಡಿಗೆ ಹಾಕಿ, ನಾಯಿ ಕೆದಕದಂತೆ ಮಣ್ಣು ಮುಚ್ಚಿ.

ಪ್ಲಾಸ್ಟಿಕ್ ಕವರ್, ಶಾಂಪೂ ಚೀಟಿ ತಿಪ್ಪೆಗೆ ಬೀಳದಂತೆ ಅಡುಗೆಮನೆ ಬಾಗಿಲ ಹಿಂದೆ ಒಂದು ಖಾಲಿ ಚೀಲ ತೂಗುಹಾಕಿ. ಒಮ್ಮೆ ತಿಪ್ಪೆಗೆ ಬಿದ್ದರೆ ಗೊಬ್ಬರದ ಜೊತೆ ಹೊಲ ಸೇರುತ್ತೆ, ಆಮೇಲೆ ಆರಿಸೋಕೆ ಕೂಲಿ ಕೊಡಬೇಕು. ತೊಳೆದ ಹಾಲಿನ ಕವರ್, ಬಾಟಲಿ ಗುಜರಿಯವರು ತಗೊಳ್ತಾರೆ. ಉಳಿದದ್ದು ಪಂಚಾಯಿತಿ ಕಸದ ಗಾಡಿಗೆ ಕೊಡಿ, ಸುಡಬೇಡಿ.

ಕೀಟನಾಶಕದ ಖಾಲಿ ಡಬ್ಬಿಯನ್ನು ಮಾತ್ರ ಗಟ್ಟಿಯಾಗಿದೆ ಅಂತ ನೀರಿಗೋ, ಎಣ್ಣೆಗೋ, ಕಾಳಿಗೋ ಇಟ್ಟುಕೊಳ್ಳಲೇಬೇಡಿ. ಎಷ್ಟು ತೊಳೆದರೂ ವಿಷದ ಅಂಶ ಉಳಿದಿರುತ್ತೆ. ಸಿಂಪಡಿಸುವ ದಿನವೇ ಡಬ್ಬಿಯನ್ನು ಮೂರು ಸಲ ಕುಲುಕಿ ತೊಳೆದು, ಆ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ. ದುಡ್ಡು ಕೊಟ್ಟ ಔಷಧಿ ತಳದಲ್ಲಿ ಉಳಿಯಲ್ಲ, ಬಾವಿಗೂ ಹರಿಯಲ್ಲ. ಆಮೇಲೆ ಮನೆಯವರು ಯಾರೂ ಮತ್ತೆ ಬಳಸದಂತೆ ಡಬ್ಬಿಗೆ ಮೊಳೆಯಿಂದ ತೂತು ಹೊಡೆದುಬಿಡಿ.